ಕ್ಯಾನ್ಸರ್ ಪಾಠದ ತರಬೇತಿ: ಬೆಳಿಗ್ಗೆಗೆ ಎರಡು ಅಂಕ, ಮಧ್ಯಾಹ್ನಕ್ಕೆ ಐದು

ಚನ್ನಗಿರಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಮೇಷ್ಟ್ರು. ಶಾಲೆಯಲ್ಲಿ ಕ್ಯಾನ್ಸರ್ ಬಗ್ಗೆ ಪಾಠ ಮಾಡುವುದು ಹೇಗೆಂದು ಶಿಕ್ಷಕರಿಗೆ ಕಲಿಸುವ ಒಂದು ದಿನದ ತರಬೇತಿಗೆ ಕಳೆದ ತಿಂಗಳು ಹೋಗಿದ್ದೆ. ನಡೆಸಿದ್ದು ಒಂದು ಸ್ವಯಂಸೇವಾ ಸಂಸ್ಥೆ. ಶುಲ್ಕವಿಲ್ಲ, ಓಓಡಿ (ಶಾಲೆಗೆ ಹೋಗದಿದ್ದರೂ ಅನ್ಯ ಕರ್ತವ್ಯವೆಂದು ಸಿಗುವ ಹಾಜರಿ) ಉಂಟು. ಅರ್ಧ ಜನ ಬಂದದ್ದೇ ಓಓಡಿಗಾಗಿ, ನಾನೂ ಅವರಲ್ಲೊಬ್ಬ.

ಬೆಳಗಿನ ಉಪನ್ಯಾಸ ಬರೀ ತಂಬಾಕು. ಶಾಲೆಯ ಸುತ್ತಮುತ್ತ ಅದನ್ನು ಮಾರಬಾರದು ಎಂಬುದು ನಮ್ಮ ಗೇಟಿನ ಗೋಡೆಯ ಮೇಲೇ ಇದೆ. ನನಗೆ ಬೇಕಿದ್ದದ್ದು ಬೇರೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ನನ್ನ ತರಗತಿಯ ಮಕ್ಕಳ ಮನೆಯ ಅನ್ನವೇ ಅಡಿಕೆ. ಸುಲಿಯುವ ಕಾಲ ಬಂತೆಂದು ನನಗೆ ಹಾಜರಿ ಪುಸ್ತಕವೇ ಹೇಳುತ್ತದೆ. ಅವರ ಮುಂದೆ ಇದನ್ನು ಹೇಗೆ ಹೇಳಲಿ ಎಂದು ಕೇಳಿದೆ. ‘ಅದು ಸೂಕ್ಷ್ಮ ವಿಷಯ ಸರ್, ಬಿಡಿ’ ಎಂದರು ಉಪನ್ಯಾಸಕರು. ಊಟ ಮುಗಿಸಿ ಹೊರಬಂದರೆ ಬಾಗಿಲಲ್ಲೇ ಎಲೆ ಅಡಿಕೆಯ ತಟ್ಟೆ! ಸುಳ್ಳೇಕೆ, ನಾನೂ ಒಂದು ಹೋಳು ಬಾಯಿಗೆ ಹಾಕಿಕೊಂಡೆ.

ಮಧ್ಯಾಹ್ನ ಬಂದವರು ನಿವೃತ್ತ ನರ್ಸ್. ಗರ್ಭಕಂಠದ ಕ್ಯಾನ್ಸರ್, ಅದಕ್ಕೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್, 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸುವ ಲಸಿಕೆ ಎಂದು ಆರಂಭಿಸಿದ ಕೂಡಲೇ ಗಂಡು ಮೇಷ್ಟ್ರುಗಳಿಗೆಲ್ಲ ಒಟ್ಟಿಗೇ ಫೋನ್ ಬಂದವು. ಆಕೆ ಬಾಗಿಲ ಬಳಿ ಹೋಗಿ ನಿಂತರು. ಎಲ್ಲರೂ ಒಳಗೆ ಬರುವವರೆಗೂ ಮಾತು ಮುಂದುವರಿಸಲಿಲ್ಲ.

ಆಮೇಲೆ ಒಂದು ಅಭ್ಯಾಸ. ಒಬ್ಬರು ವಿದ್ಯಾರ್ಥಿಯಾಗಿ ಎದ್ದು ‘ನಮ್ಮಮ್ಮ ಬದುಕುತ್ತಾಳಾ ಸರ್?’ ಎಂದು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು. ನನ್ನ ಸರದಿಯಲ್ಲಿ ಕೋಶ ವಿಭಜನೆ ವಿವರಿಸತೊಡಗಿದೆ. ನರ್ಸ್ ಅರ್ಧಕ್ಕೇ ತಡೆದು, ‘ಅವನು ಕೇಳಿದ್ದು ಅದನ್ನಲ್ಲ’ ಎಂದರು. ‘ಗೊತ್ತಿಲ್ಲ ಕಣಪ್ಪಾ, ಈಗ ಚಿಕಿತ್ಸೆ ಎಲ್ಲಿ ನಡೆಯುತ್ತಿದೆ?’ ಎಂಬಷ್ಟನ್ನು ಸರಿಯಾಗಿ ಹೇಳಲು ನನಗೆ ಮೂರು ಸಲ ಬೇಕಾಯಿತು. ಪಕ್ಕದ ಶಾಲೆಯ ಹಿರಿಯ ಮೇಡಂ ಅಂತೂ ಇಪ್ಪತ್ತು ವರ್ಷ ‘ಆ ಕಾಯಿಲೆ’ ಎಂದೇ ಪಾಠ ಮುಗಿಸಿದ್ದೆ ಎಂದು ಒಪ್ಪಿಕೊಂಡರು.

ಇಂಥ ಅವಧಿ ಇಡೀ ದಿನ ಇರಬೇಕಿತ್ತು. ಸಿಕ್ಕಿದ್ದು ಒಂದೂಕಾಲು ಗಂಟೆ. ಮುಂದಿನ ತಂಡದವರು ತಡವಾಗಿ ಹೋದರೂ ನಷ್ಟವಿಲ್ಲ, ಊಟದ ಹೊತ್ತಿಗೆ ತಲುಪಿದರೆ ಸಾಕು. ಕಿಟ್‌ನಲ್ಲಿ ಕೊಟ್ಟ ಶ್ವಾಸಕೋಶದ ಮಾದರಿ ಎರಡೇ ವಾರಕ್ಕೆ ಬಿಟ್ಟುಕೊಂಡಿತು. ಎಂಟನೇ ತರಗತಿಯ ಹುಡುಗರು ಅಂಟು ಹಾಕಿ ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾರೆ.