ವೈಫೈ ತಡವರಿಸುತ್ತಿದೆಯೇ? 2.4 ಬೇಕಾ, 5 ಬೇಕಾ

ಮೊದಲು ರೂಟರ್‌ನಿಂದ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ ನೋಡಿ. ಆಗಲೂ ನಿಧಾನವಾದರೆ ಸುಮ್ನೆ ವೈಫೈಯನ್ನು ದೂರಬೇಡಿ.

2.4 ಮತ್ತು 5 ಗಿಗಾಹರ್ಟ್ಸ್ ಅಂದರೆ ವೈಫೈ ಬಳಸುವ ಎರಡು ರೇಡಿಯೋ ಬ್ಯಾಂಡ್‌ಗಳು. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಅಲ್ಲಿ ಗದ್ದಲ ಜಾಸ್ತಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಬ್ಯಾಂಡಿನೊಳಗಿನ ಓಣಿಗಳು) ಮೂರೇ: 1, 6, 11. ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ರೂಟರ್‌ಗಳೆಲ್ಲ ಇವನ್ನೇ ಹಂಚಿಕೊಳ್ಳಬೇಕು. ಮೈಕ್ರೋವೇವ್ ಓವನ್, ಬ್ಲೂಟೂತ್ ಕೂಡ ಇಲ್ಲೇ ಅಲ್ವಾ? ಈ ಗದ್ದಲದಲ್ಲಿ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕೆಡುತ್ತದೆ, ರೂಟರ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ, ವಿಡಿಯೋ ಕರೆ ನಿಂತು ನಿಂತು ಬರುತ್ತದೆ. ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಹೀಗಾಗಬಹುದು.

5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಜಾಸ್ತಿ, ವೇಗವೂ ಜಾಸ್ತಿ. ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ.

ರೂಟರ್ ಇರುವ ಕೋಣೆಯಲ್ಲೇ ಕೆಲಸವಾದರೆ ಕಣ್ಣು ಮುಚ್ಚಿ 5 ಆರಿಸಿ. ದೂರದ ಕೋಣೆಗೆ 2.4 ಇರಲಿ, ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ ಅಗಲವನ್ನು (ಒಂದು ಚಾನೆಲ್ ಹಿಡಿಯುವ ಜಾಗವನ್ನು) 20 ಮೆಗಾಹರ್ಟ್ಸ್‌ಗೆ ಇಳಿಸಿ.