ಕುದುರೆಮುಖವೋ, ಅಣಶಿಯೋ?

ಎರಡೇ ದಿನ ರಜೆ, ಹುಬ್ಬಳ್ಳಿಯಿಂದ ಎಲ್ಲಿಗೆ ಅಂತ ಕೇಳಿದ್ರಲ್ಲ. ಮೊದಲು ದಾರಿ ನೋಡ್ರಿ. ಅಣಶಿ-ದಾಂಡೇಲಿ ಕಾಡಿನ ಕಡೆಗಾದರೆ ಮನೆಯಲ್ಲೇ ಅವಲಕ್ಕಿ ತಿಂದು ಹೊರಟರೂ ಧಾರವಾಡ, ಹಳಿಯಾಳ ದಾಟಿ ಊಟದೊಳಗೆ ದಾಂಡೇಲಿ. ಕುದುರೆಮುಖಕ್ಕೆ ಹಿಂದಿನ ರಾತ್ರಿಯೇ ಹೊರಡಬೇಕು. ಪೆಟ್ರೋಲು, ಜೀಪು, ಗೈಡು ಸೇರಿ ಖರ್ಚೂ ಜಾಸ್ತಿ.

ಆದರೆ ನಡೆಯುವ ಹುಚ್ಚಿದ್ದರೆ ಕುದುರೆಮುಖವೇ. ಸುಮಾರು 1,890 ಮೀಟರ್ ಎತ್ತರ, ಹೋಗಿಬರಲು 20 ಕಿ.ಮೀ. ಸಮೀಪ; ಶೋಲಾ ಕಾಡು (ಗುಡ್ಡದ ಕಣಿವೆಯ ದಟ್ಟ ಕಾಡು) ದಾಟಿದರೆ ಬರೀ ಹುಲ್ಲುಗುಡ್ಡ, ಗಾಳಿ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನಿನಲ್ಲಿ ಮೊದಲೇ ತಗೊಳ್ರಿ. ಮಳೆಗಾಲದಲ್ಲಿ ನನ್ನ ಕಾಲುಚೀಲದೊಳಗೆ ಏಳು ಇಂಬಳ ಸಿಕ್ಕಿದ್ದವು. ಅವನ್ನು ಬಿಡಿಸಲು ಉಪ್ಪಿನ ಪೊಟ್ಟಣ ಮರೆಯಬೇಡ್ರಿ.

ವಯಸ್ಸಾದ ಅಪ್ಪ-ಅವ್ವ, ಸಣ್ಣ ಮಕ್ಕಳು ಜೊತೆಗಿದ್ದರೆ ಅಣಶಿ-ದಾಂಡೇಲಿ ಸೈ. ಸಫಾರಿ, ಕಾಳಿ ನದಿ, ರೆಕ್ಕೆ ಬಡಿದರೆ ಸದ್ದು ಕೇಳುವ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ. ಹುಲಿ ಕಾಣುತ್ತೆ ಅಂತ ಮಾತ್ರ ಮಕ್ಕಳಿಗೆ ಮಾತು ಕೊಡಬೇಡ್ರಿ.