ತಗಡಿಗೆ ತೊಂಬತ್ತು ಸಾವಿರ: ಹರಾಜಿನ ‘ತೂಗಾಡುವ ಶಿಲ್ಪ’ದ ಕಥೆ

ಹೇಳಿಕೊಳ್ಳಲು ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಬರುವ ಭಾನುವಾರ ನನಗೆ ಹರಾಜಿನಲ್ಲಿ ಇಂಥದ್ದೇ ಒಂದು ಮಾರಿದ ಮಂದಿಯ ಇನ್ನೊಂದು ಆನ್‌ಲೈನ್ ಹರಾಜು ಇದೆ. ಲಿಂಕ್ ನನಗೇ ಕಳಿಸಿದ್ದಾರೆ! ಅದರಲ್ಲೂ ಒಂದು ತೂಗಾಡುವ ಶಿಲ್ಪ. ನನ್ನದರ ಎಲೆಗಳು ಕೆಂಪು, ಇದರದ್ದು ನೀಲಿ. ವಿಡಿಯೋದಲ್ಲಿ ಹಿಂದಿನ ಗೋಡೆ ಮಾತ್ರ ಅದೇ.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಮೆಕ್ಯಾನಿಕ್ಸ್ ಪಾಠ ಮಾಡಿದವನು ನಾನು. ತೂಗಾಡುವ ಶಿಲ್ಪಗಳ ಅಮೆರಿಕನ್ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅಂದರೆ ಮೊದಲಿಂದಲೂ ಹುಚ್ಚು. ಆತನೂ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನೇ. ಬರೀ ತಂತಿ, ತಗಡು. ಗಾಳಿ ಬಂದರೆ ಒಂದೊಂದು ಎಲೆ ಒಂದೊಂದು ಕಡೆ ಮೆಲ್ಲಗೆ ತಿರುಗುತ್ತದೆ. 1955ರಲ್ಲಿ ಅಲ್ಲಿನ ಉದ್ಯಮಿ ಮನೆತನದ ಗಿರಾ ಸಾರಾಭಾಯಿ ಕರೆದರು ಅಂತ ಅಹಮದಾಬಾದಿಗೆ ಬಂದು ಆತ ಕೆಲವು ಶಿಲ್ಪ ಮಾಡಿದ್ದು ನಿಜ. ಆ ನಿಜವನ್ನೇ ಇಟ್ಟುಕೊಂಡು ನನಗೆ ಟೋಪಿ ಹಾಕಿದರು. ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ‘ಕಾಲ್ಡರ್’. ಕೆಳಗೆ, ‘ಅಹಮದಾಬಾದಿನ ಹಳೆಯ ಮನೆತನದ ಸಂಗ್ರಹ’. ಎರಡನ್ನೂ ಜೋಡಿಸಿಕೊಂಡವನು ನಾನು. ಅವರು ಜೋಡಿಸಿರಲಿಲ್ಲ!

ಅಸಲಿ ಆದರೆ ಕೋಟಿಗಟ್ಟಲೆ ಬೆಲೆ, ಗೊತ್ತಿರಲಿಲ್ವಾ ಅಂತೀರಿ. ಗೊತ್ತಿತ್ತು. ಇವರಿಗೇ ಗೊತ್ತಿಲ್ಲ ಅಂದುಕೊಂಡೆ ನೋಡಿ, ಅಲ್ಲೇ ಬಿದ್ದೆ. 62,000ಕ್ಕೆ ನನ್ನ ಹೆಸರಿಗೆ ನಿಂತಿತು. ಮೇಲೆ ಹರಾಜಿನವರ ಶುಲ್ಕ, ಅಂದರೆ ಶೇ. 20 ಪ್ರೀಮಿಯಂ, 12,400. ಜಿಎಸ್‌ಟಿ, ಪ್ಯಾಕಿಂಗ್, ಲಾರಿ. 90,000 ದಾಟಿತು.

ಪೆಟ್ಟಿಗೆ ಬಂತು. ಹಾಲ್‌ನ ಕೊಕ್ಕೆಗೆ ತೂಗುಹಾಕಿದೆ. ಏಳು ಎಲೆಗಳೂ ಒಂದೇ ಕಡೆ ವಾಲಿದವು. ಫ್ಯಾನ್ ಹಾಕಿದರೆ ಒಂದಕ್ಕೊಂದು ಬಡಿದು ಚಮಚ ಬಿದ್ದಂಗೆ ಸದ್ದು. ವಿಡಿಯೋದಲ್ಲಿ ಎಷ್ಟು ಚಂದ ತಿರುಗುತ್ತಿತ್ತು! ಪೆಟ್ಟಿಗೆಯ ತಳದಲ್ಲಿ, ಥರ್ಮಾಕೋಲ್ ನಡುವೆ, ಒಂದು ಸಣ್ಣ ಮೋಟರ್ ಸಿಕ್ಕಿತು. ಗಣಪತಿ ಮಂಟಪದಲ್ಲಿ ದೇವರ ಹಿಂದೆ ಚಕ್ರ ತಿರುಗಿಸ್ತಾರಲ್ಲ, ಅದೇ ಮೋಟರ್.

ಹರಾಜಿನವರಿಗೆ ಫೋನ್ ಮಾಡಿದೆ. “ಕಾಲ್ಡರ್ ಕೂಡ ಮೊದಮೊದಲು ಮೋಟರ್ ಹಾಕ್ತಿದ್ರು ಸರ್, ಓದಿ ನೋಡಿ.” ಹೊಟ್ಟೆ ಉರಿಯುವುದು ಇದಕ್ಕೇ, ಅದು ಸುಳ್ಳಲ್ಲ! 1931ರಲ್ಲಿ ಫ್ರಾನ್ಸಿನ ಕಲಾವಿದ ಮಾರ್ಸೆಲ್ ದ್ಯುಶಾಂಪ್ ಕಾಲ್ಡರ್‌ನ ತಿರುಗುವ ಶಿಲ್ಪಗಳಿಗೆ ‘ಮೊಬೈಲ್’ ಅಂತ ಹೆಸರಿಟ್ಟಾಗ ಮೋಟರ್ ಇದ್ದಂಥವೂ ಇದ್ದವು. ಆದರೆ ಆಮೇಲೆ ಆತ ಗಾಳಿಗೇ ಬಿಟ್ಟ. 1955ರದ್ದಕ್ಕೆ ಮೋಟರ್ ಯಾಕಮ್ಮ ಅಂದೆ. “1955 ಅಂತ ನಾವು ಎಲ್ಲಿ ಹೇಳಿದ್ದೀವಿ ಸರ್? ಹೆಸರಿನ ಮೇಲಿನ ಸಾಲು ಓದಿಲ್ವಾ?”

ತೆಗೆದು ನೋಡಿದೆ. ಇರುವೆಯಷ್ಟು ಸಣ್ಣಕ್ಷರ: ‘ಇನ್ ದ ಮ್ಯಾನರ್ ಆಫ್’. ಅಂದರೆ ಕಾಲ್ಡರ್ ಥರ ಯಾರೋ ಮಾಡಿದ್ದು. ಕೈಕಾಲು ತಣ್ಣಗಾದವು. ಸರ್ಟಿಫಿಕೇಟ್ ಅಂತ ಕೊಟ್ಟಿದ್ದು ಬರೀ ಕಂಡೀಷನ್ ರಿಪೋರ್ಟ್, ವಸ್ತು ಹೇಗಿದೆ ಅಂತ, ಯಾರು ಮಾಡಿದ್ದು ಅಂತಲ್ಲ. ‘ಸ್ಥಿತಿ: ಚೆನ್ನಾಗಿದೆ.’ ಚೆನ್ನಾಗಿರದೆ ಏನು, ಮೊನ್ನೆ ಮಾಡಿದ್ದು!

ಹುಬ್ಬಳ್ಳಿ ಗೋಕುಲ ರೋಡಿನ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಆತ ಬಣ್ಣ ಕೆರೆದು ನಕ್ಕ. “ಪಾಪ್ ರಿವೆಟ್ ರೀ ಸರ. ನನಗ ಹೇಳಿದ್ರ ಎರಡು ತಾಸಿನಾಗ ಮಾಡಿ ಕೊಡ್ತಿದ್ದೆ.” ನನ್ನಾಕೆ ಅದಕ್ಕಿಂತ ಜಾಸ್ತಿ. “ಹಿತ್ತಲದಾಗ ಕಟ್ರಿ, ಮಂಗ್ಯಾಗೋಳರ ಬರೂದಿಲ್ಲ.”

ವಾಪಸ್ ತಗೊಳ್ಳಿ ಅಂತ ಮೂರು ಮೇಲ್ ಹಾಕಿದೆ. ಮೂರಕ್ಕೂ ಒಂದೇ ಉತ್ತರ, ‘ಆಸ್ ಈಸ್ ವೇರ್ ಈಸ್’, ಅಂದರೆ ಇದ್ದಲ್ಲಿ ಇದ್ದಂತೆ ಮಾರಿದ್ದು. ಮೂರನೆಯದರಲ್ಲಿ ಮಾತ್ರ ಒಂದು ಸಾಲು ಜಾಸ್ತಿ: ನಿಮ್ಮ ಹಾಲ್‌ಗೆ ಚಂದ ಒಪ್ಪುತ್ತದೆ ಸರ್.

ಆ ಭಾನುವಾರದ ಹರಾಜಿಗೆ ಹೋಗಬೇಡಿ. ಹೋಗಲೇಬೇಕು ಅಂದರೆ ಹೆಸರಿನ ಮೇಲೆ ಕೆಳಗೆ ಏನಿದೆ ಓದಿ, ಕೈಯಿಂದ ಅಲ್ಲಾಡಿಸುವ ವಿಡಿಯೋ ಕೇಳಿ, ರಾತ್ರಿ ಊಟ ಆದಮೇಲೆ ಬಿಡ್ ಮಾಡಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಬಿಲ್ ನೋಡಿ ಹೇಳಿ ಅಂದರು. ನೋಡಿದೆ. ಅದರಲ್ಲಿ ಕಾಲ್ಡರ್ ಹೆಸರೇ ಇಲ್ಲ. ‘ಲೋಹದ ಅಲಂಕಾರಿಕ ವಸ್ತು, ಒಂದು.’